ಪರದೇಶದ ಮನೆಗೆ ತುಳಸಿಕಟ್ಟೆ

ಹೋದ ಭಾನುವಾರ ನನ್ನ ಕೈಗೆ ಒಂದು ಬಿಳಿ ಹಾಳೆ, ಒಂದು ಬಾಲ್‌ಪೆನ್ನು ಕೊಟ್ಟು, "ಎಲ್ಲಿ, ಒಂದು ಕೋಳಿ ಬರ್ದು ತೋರ್ಸಮ್ಮ" ಎಂದರು. ಹಾಗೆಂದವರು ನನಗೆ ಮಾವನಾಗಬೇಕಿದ್ದವರು. ನನ್ನ ಮದುವೆ ಆ ಕೋಳಿಯ ಕಾಲ ಮೇಲೆ ನಿಂತಿತ್ತು.

ನಾನು ಎಂ.ಎ. ಓದಿದ್ದೇನೆ. ಕೋಳಿ ಬರೆಯಲು ಬರುವುದಿಲ್ಲ. (ಪಿಯುಸಿಯಲ್ಲಿ ನಾನು ಬರೆದ ಕಪ್ಪೆಯನ್ನು ನೋಡಿದ ಲೆಕ್ಚರರ್, "ಎಲೆ ಚೆನ್ನಾಗಿ ಬಂದಿದೆ" ಎಂದಿದ್ದರು.)

ತಪ್ಪೆಲ್ಲ ಗೋಡೆಯ ಮೇಲಿದ್ದ ಚಿತ್ರದ್ದು.

ಮಲ್ಲಂದೂರಿನ ನಮ್ಮ ಮನೆಯ ಹಾಲ್‌ಗೆ ಒಂದು ದೊಡ್ಡ ಆಯಿಲ್ ಪೇಂಟಿಂಗ್ ಬೇಕೆಂದು ಹೋದ ವರ್ಷ ಅಪ್ಪನಿಗೆ ಅನ್ನಿಸಿತು. ಕಾಫಿಗೆ ಒಳ್ಳೆಯ ರೇಟು ಬಂದಾಗ ನಮ್ಮ ಕಡೆಯವರಿಗೆ ಹೀಗೆ ಏನೇನೋ ಅನ್ನಿಸುತ್ತದೆ. ಚಿಕ್ಕಮಗಳೂರಿನಿಂದ ಬೋರ್ಡ್ ಬರೆಯುವ ಪೇಂಟರ್ ಒಬ್ಬರು ಬಂದರು. ಅವರ ಬಳಿ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು. ಅದರಲ್ಲಿ ಯಾವುದೋ ಚಳಿದೇಶದ ರೈತನ ಮನೆ. ಹುಲ್ಲಿನ ಮಾಡು, ಎದುರಿಗೊಂದು ಹೊಳೆ, ನೀರು ಕುಡಿಯುವ ಹಸು, ಹಿಂದೆ ದೊಡ್ಡ ದೊಡ್ಡ ಮರ. ಬಹಳ ಪ್ರಸಿದ್ಧ ಚಿತ್ರವಂತೆ. ಅದನ್ನು ಕ್ಯಾನ್‌ವಾಸಿನ ಮೇಲೆ ಯಥಾವತ್ತಾಗಿ ಬರೆದುಕೊಡುವುದು ಎಂದು ಮಾತಾಯಿತು.

ಯಥಾವತ್ತು! ಕಾಫಿ ಬೆಳೆಗಾರನೊಬ್ಬ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಯಾವ ಕೆಲಸ ತಾನೆ ಯಥಾವತ್ತಾಗಿ ನಡೆದೀತು?

"ಅಲ್ಲ ಮಾರಾಯ, ಇವ್ನಿಗೆ ಕಣ ಎಲ್ಲಿ? ಬೆಳೆ ಎಲ್ಲಿ ಒಣಗಿಸ್ತಾನೆ?" ಎಂದರು ಅಪ್ಪ.

"ಒರಿಜಿನಲ್‌ನಲ್ಲಿ ಇಲ್ಲ ಸಾರ್."

"ಒರಿಜಿನಲ್‌ನವ್ನಿಗೆ ಗೊತ್ತಾಗ್ಲಿಲ್ಲ ಅಂತ ನಾವೂ ಬಿಡಕ್ಕಾಗುತ್ತಾ? ಹಾಕು."

ಕಣ ಬಂತು. ಕಣದ ತುಂಬ ಕಾಫಿ ಹಣ್ಣೂ ಬಂತು. ಮರಗಳು ಸುಮ್ಮನೆ ನಿಂತಿವೆಯೆಂದು ಅವಕ್ಕೆ ಮೆಣಸಿನ ಬಳ್ಳಿ ಹಬ್ಬಿಸಲಾಯಿತು. ಪೇಂಟರ್‌ಗೆ ಕಾಫಿ ತಂದ ಅಮ್ಮ, ತುಳಸಿಕಟ್ಟೆ ಇಲ್ಲದ ಮನೆಯನ್ನು ತನ್ನ ಗೋಡೆಗೆ ಹಾಕಲು ಬಿಡುವುದಿಲ್ಲ ಎಂದಳು. ಅದೂ ಬಂತು. (ಹಸು ಮಾತ್ರ ಪರದೇಶದ್ದೇ ಉಳಿಯಿತು. ಹಾಲು ಜಾಸ್ತಿ ಕೊಡುತ್ತದಲ್ಲ.)

ಚಿತ್ರ ಗೋಡೆಗೇರಿತು. ನಾನು ನಕ್ಕು ಮರೆತೆ.

ಹೋದ ಭಾನುವಾರ ಕಳಸದಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವನ ಅಪ್ಪ, ಆ ಮನೆಯ ದೊಡ್ಡ ಸೊಸೆ. ಹುಡುಗನ ಅಮ್ಮನಿಗೆ ಜೀಪಿನಲ್ಲಿ ತಿರುವುಗಳು ಆಗುವುದಿಲ್ಲವಂತೆ. ಹಾಗಾಗಿ ಅತ್ತೆಯ ಪರವಾಗಿ ಹುಡುಗಿ ನೋಡುವ ಜವಾಬ್ದಾರಿ ಸೊಸೆಯದು.

ಹೆಣ್ಣು ನೋಡುವ ದಿನಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಹಾಲ್‌ನಲ್ಲಿ ಕಣ್ಣಿಗೆ ಬೀಳುವ ಕೈಕೆಲಸವೆಲ್ಲ ಹುಡುಗಿಯದೇ. ಟಿವಿಯ ಮೇಲಿನ ಕಸೂತಿ ಬಟ್ಟೆ ಹುಡುಗಿಯದು, ಮಣಿಯ ಗಿಳಿ ಹುಡುಗಿಯದು, ತಟ್ಟೆಯ ಚಕ್ಕುಲಿಯೂ ಹುಡುಗಿಯದು. ಕೇಳುವವರು ನಂಬುವುದಿಲ್ಲ. ಹೇಳುವವರು ನಂಬಲಿ ಎಂದು ಹೇಳುವುದೂ ಇಲ್ಲ. ಅದೊಂದು ಮರ್ಯಾದೆ, ಅಷ್ಟೆ.

ತೊಂದರೆ ಬರುವುದು, ನಂಬುವವರೊಬ್ಬರು ಸಿಕ್ಕಾಗ.

ಹುಡುಗನ ಅಪ್ಪ ಚಿತ್ರದ ಮುಂದೆ ನಿಂತರು. "ಯಾರು ಬರ್ದಿದ್ದು ಇದು?"

"ನಮ್ಮ ಹುಡುಗಿನೇ" ಎಂದಳು ಅಮ್ಮ. ರೆಪ್ಪೆ ಅಲುಗಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ಹುಡುಗ ನನಗೆ ಇಷ್ಟವಾಗಿದ್ದ. ಏನು ಓದಿದ್ದು ಎಂದು ಕೇಳಿ, ನನ್ನ ಉತ್ತರ ಮುಗಿಯುವವರೆಗೂ ಕಾದ ಮೊದಲ ಗಂಡು ಅವನು. ಈಗ ಸುಳ್ಳು ಬಯಲಾದರೆ ಅವನು ಹೋಗುತ್ತಾನೆ. ನಾನೇ ನಿಜ ಹೇಳಿದರೆ ಅಮ್ಮನ ಮಾನ ಹೋಗುತ್ತದೆ. ತಲೆ ತಗ್ಗಿಸಿದೆ. ನಾಚಿಕೆ ಅಂದುಕೊಂಡರು.

"ಮರಗಸಿ ಮಾಡ್ಸಿಲ್ಲ, ಕೊಂಬೆ ಕಡಿಸ್ದೆ ನೆರಳು ಜಾಸ್ತಿ ಆಯ್ತು" ಎಂದು ಅವರು ಚಿತ್ರದ ತೋಟವನ್ನು ಪರೀಕ್ಷಿಸಿದರು. "ಆದ್ರೂ ಲಾಯಕ್ಕಾಗಿದೆ. ನಮ್ಮ ದೊಡ್ಡ ಸೊಸೆನೂ ಇಂಥದ್ದೇ ಬರ್ದಿದಾಳೆ. ತವರುಮನೆಯಿಂದ ತಂದಿದ್ದು. ಇದೇ ಮನೆ, ಇದೇ ಹೊಳೆ! ಅಲ್ವೇನಮ್ಮ?"

ದೊಡ್ಡ ಸೊಸೆಯ ಬಾಯಿಗೆ ಹೋಗುತ್ತಿದ್ದ ಚಕ್ಕುಲಿ ನಡುದಾರಿಯಲ್ಲೇ ನಿಂತಿತು. ಅವರ ತವರು ಮೂಡಿಗೆರೆ. ನಮ್ಮ ಪೇಂಟರ್ ಅಲ್ಲಿಗೂ ಹೋಗಿದ್ದರೆಂದು ನನಗೆ ಆ ಮುಖ ನೋಡಿಯೇ ತಿಳಿಯಿತು.

"ಹೌದು ಮಾವ" ಎಂದರು ಸಣ್ಣ ದನಿಯಲ್ಲಿ. "ಆದ್ರೆ ನಂದ್ರಲ್ಲಿ ತುಳಸಿಕಟ್ಟೆ ಇಲ್ಲ. ಜೀಪಿದೆ."

ಮಾವನವರಿಗೆ ಹುರುಪು ಬಂತು. "ಇದ್ರಲ್ಲಿ ಎಲ್ಲ ಇದೆ, ಕಣದಲ್ಲಿ ಒಂದು ಕೋಳಿ ಇಲ್ಲ ನೋಡಿ." ಜೇಬಿನಿಂದ ಪೆನ್ನು ಬಂತು. ಅಪ್ಪನೇ ಎದ್ದು ಹಾಳೆ ತಂದುಕೊಟ್ಟರು. (ಗಾಬರಿಯಲ್ಲಿ ಮನುಷ್ಯ ಎಂಥ ಉಪಕಾರವನ್ನೆಲ್ಲ ಮಾಡುತ್ತಾನೆ!) ಅಮ್ಮನಿಗೆ ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದು ನೆನಪಾಯಿತು.

ಕೋಳಿಯನ್ನು ಎಲ್ಲಿಂದ ಶುರುಮಾಡುತ್ತಾರೆ? ಕೊಕ್ಕಿನಿಂದಲೋ, ಬಾಲದಿಂದಲೋ? ಒಂದು ಸೊನ್ನೆ ಸುತ್ತಿದೆ. ನೋಡಿದೆ. ಮೊಟ್ಟೆಯಾಗಿತ್ತು.

"ಬೇಡ ಮಾವ!"

ದೊಡ್ಡ ಸೊಸೆ. ಈ ಸಲ ದನಿ ಸಣ್ಣದಿರಲಿಲ್ಲ. "ಆಯಿಲ್ ಪೇಂಟಿಂಗ್ ಮಾಡೋ ಕೈಗೆ ಬಾಲ್‌ಪೆನ್ ಕೊಡ್ಬಾರ್ದು. ಕೈ ಕೆಟ್ಟೋಗುತ್ತೆ. ದಿನಾ ಹಾಲಿನ ಲೆಕ್ಕ ಬರ್ದೂ ಬರ್ದೂ ನಂದು ಹೋಗ್ಲಿಲ್ವಾ?"

"ಹೌದಾ? ಛೆ, ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ!" ಮಾವನವರು ಪೆನ್ನನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಮೊಟ್ಟೆಯ ಹಾಳೆಯನ್ನು ನಾನು ಮಡಿಸಿಕೊಂಡೆ.

ಅದು ದಯೆಯೇ? ಅಲ್ಲ. ನನ್ನ ಕೋಳಿ ಬಿದ್ದಿದ್ದರೆ ಮುಂದಿನ ಹಾಳೆ ಅವರದು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎನ್ನುತ್ತಾರೆ. ಹಾಗೆನ್ನುವವರು ಇಬ್ಬರ ಗೋಡೆಯ ಮೇಲೂ ಒಂದೇ ಮನೆ ಇರುವುದನ್ನು ನೋಡಿಲ್ಲ. ಒಂದೇ ಸತ್ಯ ಜನರನ್ನು ಎಷ್ಟು ಹತ್ತಿರ ತರುತ್ತದೋ ಕಾಣೆ. ಒಂದೇ ಸುಳ್ಳು ಚೆನ್ನಾಗಿ ತರುತ್ತದೆ.

ಅಡುಗೆಮನೆಯಲ್ಲಿ ಅವರು ಸಿಕ್ಕಾಗ ಮೆಲ್ಲಗೆ ಕೇಳಿದೆ. "ನಿಮ್ಗೆ ಕೋಳಿ ಬರೆಯಕ್ಕೆ ಬರುತ್ತಾ ಅಕ್ಕ?"

"ಸಾರು ಮಾಡಕ್ಕೆ ಬರುತ್ತೆ."

ಹುಡುಗನಿಗೆ ಮಾತ್ರ ನಿಜ ಹೇಳಬೇಕೆನ್ನಿಸಿತು. ಇಬ್ಬರೇ ಮಾತಾಡಿಕೊಳ್ಳಲಿ ಎಂದು ಹಿರಿಯರು ನಮ್ಮನ್ನು ಅಂಗಳಕ್ಕೆ ಕಳಿಸಿದಾಗ ಹೇಳಿದೆ. "ಆ ಚಿತ್ರ ನಾನು ಬರ್ದಿದ್ದಲ್ಲ."

"ಗೊತ್ತು. ಮೊಟ್ಟೆ ನೋಡ್ದೆ" ಎಂದ. ಮತ್ತೇನಾದರೂ ಹೇಳುವುದಿದೆಯೇ ಎಂದು ಕಾದ. ಇಬ್ಬರೂ ನಕ್ಕೆವು.

ನಿನ್ನೆ ಕಳಸದಿಂದ ಫೋನ್ ಬಂತು. ಒಪ್ಪಿಗೆ. (ಭಾವೀ ಮಾವನವರ ಮನೆಗೆ ಬರುವುದು ಈ ಪತ್ರಿಕೆಯಲ್ಲ, ಬೇರೆ ಪೇಪರ್. ವಿಚಾರಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.) ವರದಕ್ಷಿಣೆ ಬೇಡ, ಒಡವೆ ಬೇಡ, ಅವರದೊಂದೇ ಆಸೆಯಂತೆ. ಹಾಲಿನ ಲೆಕ್ಕ ಬಿಡಿಸಿದರೆ ದೊಡ್ಡವಳ ಕೈಯೂ ಸರಿಹೋಗುತ್ತದೆ, ಇಬ್ಬರು ಸೊಸೆಯಂದಿರೂ ಸೇರಿ ಕಳಸದ ಅವರ ಮನೆಯನ್ನೇ ದೊಡ್ಡದಾಗಿ ಆಯಿಲ್‌ನಲ್ಲಿ ಬರೆಯಬೇಕು. ಅದಕ್ಕೆಂದೇ ಒಂದು ಗೋಡೆಯನ್ನು ಖಾಲಿ ಮಾಡಿಸಿಟ್ಟಿದ್ದಾರಂತೆ.

ಅಲ್ಲ, ಮದುವೆಗೆ ಮುಂಚೆ ಹುಡುಗಿ ಕಲಿಯಬೇಕಾದದ್ದು ಅಡುಗೆ ಎಂದು ಹೇಳಿದವರು ಯಾರು?