ತಪಾಸಣೆಗೆ ಮಾತ್ರ ಮಿಣುಕುವ ನಾಲ್ಕು ದೀಪ

ಪೊಲೀಸರು ನಿವೃತ್ತರಾಗುತ್ತಾರೆ, ಪೊಲೀಸ್ ಬೈಕುಗಳು ಆಗುವುದಿಲ್ಲ. ಹಿರಿಯೂರಿನಲ್ಲಿ ನನ್ನದೊಂದು ಅಂಗಡಿ. ಗಾಡಿಗಳ ವೈರಿಂಗು, ಹಾರ್ನು, ಲೈಟು ನನ್ನ ಕಸುಬು. ಒಂದು ಠಾಣೆಯ ಹಳೆಯ ಬೈಕುಗಳೆಲ್ಲ ನನ್ನಲ್ಲಿಗೇ ಬರುತ್ತಿದ್ದವು. ಬ್ರೇಕು ಹಿಡಿದರೆ ನಿಲ್ಲುತ್ತಿದ್ದವು, ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅವೇ ನಿರ್ಧರಿಸುತ್ತಿದ್ದವು.

ಅಂಥ ಗಾಡಿಗಳಿಗೆ ಒಂದು ದಿನ ಮೇಲಿನಿಂದ ಆದೇಶ ಬಂತು. ಗಸ್ತಿನ ಪ್ರತಿ ಬೈಕಿನಲ್ಲೂ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕಬೇಕು, ಹೆದ್ದಾರಿಯಲ್ಲಿ ನಿಂತ ಪೊಲೀಸರು ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣಬೇಕು. ಬ್ರೇಕಿನ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಗುತ್ತಲೇ ಕೆಲಸ ಹಿಡಿದೆ.

ನಮ್ಮ ಕಡೆ ಆ ನಾಲ್ಕು ದೀಪಕ್ಕೆ ಬೇರೆಯೇ ಅರ್ಥವಿದೆ. ಹೊಸದುರ್ಗದಿಂದ ಹೊಳಲ್ಕೆರೆವರೆಗೆ ಯಾವ ಸರ್ಕಲ್‌ನಲ್ಲಿ ಬೇಕಾದರೂ ನೋಡಿ, ಎಡಕ್ಕೂ ತಿರುಗದೆ ಬಲಕ್ಕೂ ತಿರುಗದೆ ನೇರ ಹೋಗುವ ಪುಣ್ಯಾತ್ಮರು ನಾಲ್ಕನ್ನೂ ಹಾಕಿಕೊಂಡು ಹೋಗುತ್ತಾರೆ. ನಿಂತ ಗಾಡಿಗೆ ಹಾಕಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಹಳೆಯ ಬೈಕಿನಲ್ಲಿ ಇದಕ್ಕೆಂದು ಸ್ವಿಚ್ಚೇ ಇರುವುದಿಲ್ಲ. ಎಡಗಡೆಯ ವೈರು, ಬಲಗಡೆಯ ವೈರು ಎರಡನ್ನೂ ಹ್ಯಾಂಡಲ್ಲಿನ ಹತ್ತಿರ ತಂದು ಒಂದು ಹೊಸ ಸ್ವಿಚ್ಚಿಗೆ ಕೂಡಿಸಬೇಕು. ಎರಡು ಬಲ್ಬು ಮಿಣುಕಿಸಲೆಂದು ಹುಟ್ಟಿದ ಫ್ಲ್ಯಾಶರ್ ನಾಲ್ಕರ ಭಾರ ತಡೆಯುವುದಿಲ್ಲ, ಅದನ್ನೂ ಬದಲಿಸಬೇಕು. ಅಷ್ಟು ಮಾಡಿದೆ. ದೀಪಗಳು ಟಿಕ್ ಟಿಕ್ ಎಂದು ಮಿಣುಕಿದವು. ಒಂದೇ ವಾರದಲ್ಲಿ ಬ್ಯಾಟರಿಗಳು ಒಂದೊಂದಾಗಿ ಮಲಗಿದವು.

ತಪ್ಪು ಸ್ವಿಚ್ಚಿನದಲ್ಲ. ಠಾಣೆಯ ಮುಂದೆ ಗಾಡಿ ನಿಂತರೆ ಹೋಗುವವರು ಬರುವವರೆಲ್ಲ, ದೂರು ಕೊಡಲು ಬಂದವರೂ ಸೇರಿ, ಕೀಲಿಯಿಲ್ಲದೆಯೂ ನಡೆಯುವ ಅದನ್ನೊಮ್ಮೆ ಒತ್ತಿ ನೋಡಿ, ಆರಿಸದೆ ಹೋಗುತ್ತಿದ್ದರು. ಬ್ಯಾಟರಿ ಕುಸಿದರೆ ಕಿಕ್ ಹೊಡೆದು ಕಾಲು ನೋಯಿಸಿಕೊಂಡದ್ದೇ ಲಾಭ. ಆಮೇಲೆ ತಳ್ಳಬೇಕು. ಪೇಟೆ ಬೀದಿಯಲ್ಲಿ ಪೊಲೀಸ್ ಬೈಕು ತಳ್ಳುವುದೆಂದರೆ ನಮ್ಮೂರಲ್ಲಿ ಎಲ್ಲ ಪಕ್ಷದವರೂ ಒಂದಾಗುವ ಸಂದರ್ಭ, ಟೀ ಅಂಗಡಿ ಪೂರ್ತಿ ಖಾಲಿಯಾಗುತ್ತಿತ್ತು.

ಹಾಗೆ ಬೈಕು ತಳ್ಳಿದ ಮರುದಿನ ಆ ಠಾಣೆಯ ದಫೇದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್, ಅಂಗಡಿಗೆ ಬಂದರು. ಅವರ ಮನೆ ನನ್ನ ಅಂಗಡಿಯ ಹಿಂದಿನ ಬೀದಿಯಲ್ಲೇ ಇತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಕೆಟ್ಟ ಮಾತೇ ಬಾರದ, ಪೊಲೀಸ್ ಕೆಲಸಕ್ಕೆ ಸ್ವಲ್ಪವೂ ಒಗ್ಗದ ಮನುಷ್ಯ.

"ಏನಪ್ಪ, ಈ ದೀಪದ ಕಾಟ ತಪ್ಸು. ತಪಾಸಣೆಗೆ ಸಾಹೇಬ್ರು ಬಂದಾಗ ಹತ್ತಿದ್ರೆ ಸಾಕು. ಮಿಕ್ಕ ದಿನ ತೆಪ್ಪಗಿರಬೇಕು ನೋಡು" ಎಂದರು.

ಈ ನಾಡಿನಲ್ಲಿ ಸಾಹೇಬರು ಬಂದಾಗ ಮಾತ್ರ ಹತ್ತುವ ದೀಪಗಳಿಗೇನು ಬರವೇ? ಬೀದಿ ದೀಪವೇ ಹಾಗಿರುವಾಗ ಬೈಕಿನದ್ದೇನು ಮಹಾ! ಸೀಟಿನ ಕೆಳಗೆ ಒಂದು ಪುಟ್ಟ ಡಬ್ಬಿ ಕೂರಿಸಿ, ಆ ನಾಲ್ಕು ದೀಪಕ್ಕಷ್ಟೇ ಹೋಗುವ ಕರೆಂಟನ್ನು ಒಂದು ಗಾಜಿನ ಫ್ಯೂಸಿನ ಮೂಲಕ ಹಾಯಿಸಿದೆ. ಫ್ಯೂಸು ತೆಗೆದು ಜೇಬಿಗೆ ಹಾಕಿಕೊಂಡರೆ ಯಾರು ಎಷ್ಟು ಒತ್ತಿದರೂ ಬ್ಯಾಟರಿಗೆ ಕೇಡಿಲ್ಲ. ತಪಾಸಣೆಯ ದಿನ ಮತ್ತೆ ಸಿಕ್ಕಿಸಿದರಾಯಿತು. ವಾರದೊಳಗೆ ಠಾಣೆಯ ಎಲ್ಲ ಬೈಕಿಗೂ ಅದೇ ಬೇಕೆಂದರು. ನನ್ನ ತಲೆಗೆ ಎರಡು ಕೋಡು ಮೂಡಿದವು.

ಜಿಲ್ಲಾ ಕೇಂದ್ರವಾದ ದುರ್ಗದ ಮೈದಾನದಲ್ಲಿ ಬೈಕುಗಳನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ನಡೆಯಿತು. ನಾನೂ ಸ್ಕ್ರೂಡ್ರೈವರ್ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಸಾಹೇಬರು ಬಂದಂತೆ ಒಂದೊಂದೇ ಗಾಡಿ ಮಿಣುಕಿತು, ಅವರು ಭೇಷ್ ಎಂದರು. ಅವರು ಜೀಪು ಹತ್ತಿದ ಕೂಡಲೇ ಫ್ಯೂಸುಗಳೆಲ್ಲ ಜೇಬು ಸೇರಿದವು.

ಆಮೇಲೆ ದಫೇದಾರರಿಗೆ ಜವನಗೊಂಡನಹಳ್ಳಿ ಕಡೆಯ ಹೆದ್ದಾರಿ ಗಸ್ತು ಬಿತ್ತು. ಕೆಟ್ಟು ನಿಂತ ಲಾರಿಗಳ ಹಿಂದೆ ಕಾವಲು ನಿಲ್ಲುವುದೇ ಅಲ್ಲಿಯ ಮುಖ್ಯ ಕೆಲಸ. ಅವರ ಹೆಂಡತಿ ಅಂಗಡಿಗೆ ಬಂದು, "ನಮ್ಮೋರ ಗಾಡಿ ಲೈಟು ಸರಿಯಾಗಿ ಹತ್ತುತ್ತೇನಣ್ಣ? ಆ ರೋಡು ಅಂದ್ರೆ ನಂಗೆ ಜೀವ ಹೊಡ್ಕಂತೈತೆ" ಎಂದು ಕೇಳಿದರು. "ಹತ್ತುತ್ತೆ ಅಕ್ಕಾ, ಸಾಹೇಬ್ರೇ ಭೇಷ್ ಅಂದವ್ರೆ" ಎಂದೆ. ನಾನು ಸುಳ್ಳು ಹೇಳಲಿಲ್ಲ ನೋಡಿ. ಸರ್ಕಾರಿ ವರದಿಯಷ್ಟು ನಿಜ ಹೇಳಿದೆ.

ಒಂದು ಸಂಜೆ, ಬೆಳಕು ಮಂಕಾಗುವ ಹೊತ್ತಿಗೆ, ದಫೇದಾರರ ಹೆಂಡತಿ ಮತ್ತೆ ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ಕೌಂಟರಿನ ಮೇಲೆ ಒಂದು ಗಾಜಿನ ಫ್ಯೂಸು ಇಟ್ಟರು.

"ಬಟ್ಟೆ ಒಗೆಯೋವಾಗ ಅವರ ಅಂಗಿ ಜೇಬಲ್ಲಿ ಸಿಕ್ತು. ನಿಮ್ಮ ಅಂಗಡಿ ಸಾಮಾನು ಇದ್ದಂಗೈತೆ. ಇವತ್ತು ಬೇರೆ ಅಂಗಿ ಹಾಕ್ಕಂಡು ಹೋಗ್ಯಾರೆ. ಈಗ ಫೋನ್ ಮಾಡಿದ್ರು, ಈರುಳ್ಳಿ ಲಾರಿದು ಆಕ್ಸಲ್ ಮುರಿದೈತಂತೆ, ಕ್ರೇನ್ ಬರೋವರ್ಗೂ ರೋಡಲ್ಲೇ ನಿಂತಿರ್ತೀನಿ ಅಂದ್ರು."

ದಫೇದಾರರಿಗೆ ಫೋನು ಮಾಡಿದೆ, ಎತ್ತಲಿಲ್ಲ. "ಕುಂತ್ಕಳ್ರಿ ಅಕ್ಕಾ, ಕೊಟ್ಟು ಬರ್ತೀನಿ" ಎಂದು ಫ್ಯೂಸು ತೆಗೆದುಕೊಂಡು ಸ್ಕೂಟರ್ ಹತ್ತಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ನನ್ನನ್ನು ಹಿಂದೆ ಹಾಕಿ ಹೋದ ಪ್ರತಿ ಲಾರಿಯನ್ನೂ ಕಂಡು ಹೆದರಿದೆ. ಅದೂ ಅವರಿರುವ ಕಡೆಗೇ ಹೋಗುತ್ತಿತ್ತು.

ಹತ್ತಿರ ಹೋದ ಮೇಲೆಯೇ ಕಂಡರು. ರಸ್ತೆಯ ನಡುವೆ ವಾಲಿ ನಿಂತ ಲಾರಿ, ಅದರ ಹಿಂದೆ ದೀಪವಿಲ್ಲದೆ ನಿಂತ ಬೈಕು, ಅದಕ್ಕೂ ಮೂವತ್ತು ಹೆಜ್ಜೆ ಹಿಂದೆ ದಫೇದಾರರು. ಬಿಳಿ ಟವೆಲ್ಲು ಬೀಸುತ್ತ ಬರುವ ವಾಹನಕ್ಕೆ ಕೂಗುತ್ತಿದ್ದರು. ವಾಹನ ಹತ್ತಿರ ಬಂದಾಗ ರಸ್ತೆ ಪಕ್ಕದ ಮಣ್ಣಿಗೆ ಜಿಗಿಯುತ್ತಿದ್ದರು, ಹೋದ ಮೇಲೆ ಮತ್ತೆ ರಸ್ತೆಗೆ ಬರುತ್ತಿದ್ದರು. ಐವತ್ತೆಂಟರ ವಯಸ್ಸಿನಲ್ಲಿ.

ಅವರನ್ನು ಮಾತಾಡಿಸದೆ ನೇರ ಬೈಕಿನ ಬಳಿ ಓಡಿದೆ. ಕತ್ತಲಲ್ಲಿ ಸೀಟಿನ ಕೆಳಗಿನ ಡಬ್ಬಿಯ ಮುಚ್ಚಳ ಬೇಗ ಸಿಗಲಿಲ್ಲ. ಫ್ಯೂಸು ಸಿಕ್ಕಿಸಿ ಸ್ವಿಚ್ ಒತ್ತಿದೆ. ನಾಲ್ಕೂ ಹತ್ತಿದವು. ಆಗಲೇ ದೂರದಲ್ಲಿ ಬರುತ್ತಿದ್ದ ಬಸ್ಸೊಂದು ವೇಗ ತಗ್ಗಿಸಿ, ಬಲಕ್ಕೆ ಸರಿದು, ನಮ್ಮಿಂದ ಅಗಲವಾಗಿ ಜಾಗ ಬಿಟ್ಟು ಹಾದುಹೋಯಿತು. ಅದರ ಡ್ರೈವರು ನಮ್ಮತ್ತ ತಿರುಗಿಯೂ ನೋಡಲಿಲ್ಲ. ಅಷ್ಟೊಂದು ಬೈಕಿಗೆ ದೀಪ ಕೂಡಿಸಿದ ನಾನು ಅವು ಕೆಲಸ ಮಾಡುವುದನ್ನು ನೋಡಿದ್ದು ಅದೇ ಮೊದಲು.

ದಫೇದಾರರು ಬಂದು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕುಳಿತರು. ದನಿ ಪೂರ್ತಿ ಬಿದ್ದುಹೋಗಿತ್ತು. "ಇಷ್ಟೊತ್ತೂ ನಾನೇ ಲೈಟಾಗಿದ್ದೆ ಕಣಪ್ಪ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಕ್ರೇನು ಬರುವವರೆಗೆ ಅವರ ಜೊತೆಯಲ್ಲೇ ಕುಳಿತೆ.

ಮರಳಿ ಬಂದಾಗ ಅವರ ಹೆಂಡತಿ ಅಂಗಡಿಯ ಸ್ಟೂಲಿನ ಮೇಲೇ ಇದ್ದರು.

"ಚೆನ್ನಾಗವ್ರೆ ಅಕ್ಕಾ, ಹಿಂದೇನೇ ಬರ್ತಾವ್ರೆ. ಲೈಟು ಹತ್ತಿತು."

"ಮೊದ್ಲು ಹತ್ತುತಿರ್ಲಿಲ್ವಾ?"

ನನ್ನ ಬಾಯಲ್ಲಿ ಇನ್ನೊಂದು ಸರ್ಕಾರಿ ನಿಜ ತಯಾರಾಗಿತ್ತು. ಅವರ ಕಣ್ಣು ನೋಡಿ ನುಂಗಿಕೊಂಡೆ. "ಇಲ್ಲ ಅಕ್ಕಾ. ನಾನೇ ಹತ್ತದಂಗೆ ಮಾಡಿಕೊಟ್ಟಿದ್ದೆ" ಎಂದೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು:

"ಹಂಗಾದ್ರೆ ಇಷ್ಟು ದಿನ ನಾನು ಏನು ನಂಬ್ಕಂಡು ನಿದ್ದೆ ಮಾಡ್ತಿದ್ದೆ ಅಣ್ಣ?"