ಹಿತಕಿದ ಬೇಳೆ, ತಡವಾಗಿ ಬಂದ ನಿದ್ದೆ

ನನಗೆ ಎಡಿಎಚ್‌ಡಿ, ಅಂದರೆ ಮನಸ್ಸು ಒಂದೆಡೆ ನಿಲ್ಲದ ತೊಂದರೆ, ಇದೆಯೆಂದು ಡಾಕ್ಟರು ಹೇಳಿದ್ದು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದಕ್ಕೆ ಅಮ್ಮ ಇಟ್ಟಿದ್ದ ಹೆಸರು ಸೋಂಬೇರಿತನ. ದಿಂಬಿಗೆ ತಲೆ ಕೊಟ್ಟ ಕೂಡಲೇ ನನ್ನೊಳಗೆ ಸಂತೆ ನೆರೆಯುತ್ತಿತ್ತು. ಮೂರು ಗಂಟೆಗೆ ಕಣ್ಣು ಮುಚ್ಚಿದವಳು ಏಳಕ್ಕೆ ಏಳುವುದು ಹೇಗೆ? ಮುಖಕ್ಕೆ ನೀರು ಎರಚಿಯೇ ಅಮ್ಮ ನನ್ನನ್ನು ಶಾಲೆಗೆ, ಕಾಲೇಜಿಗೆ, ಕೊನೆಗೆ ಕೆಲಸಕ್ಕೂ ಕಳಿಸಿದಳು. ಆ ಸಿಟ್ಟು ನನಗೆ ಇನ್ನೂ ಇತ್ತು, ಸುಳ್ಳೇಕೆ ಹೇಳಲಿ.

ಡಾಕ್ಟರು ಹೇಳಿದ್ದು ದೊಡ್ಡದೇನಲ್ಲ. ದಿನಾ ಒಂದೇ ಹೊತ್ತಿಗೆ ಏಳಿ, ಎದ್ದವರೇ ಬೆಳಕಿಗೆ ಬನ್ನಿ, ಫೋನನ್ನು ಬೇರೆ ಕೋಣೆಯಲ್ಲಿಡಿ, ಮಲಗುವ ಮುಂಚೆ ಕೈಗೆ ನಿಧಾನದ ಕೆಲಸ ಕೊಡಿ. ಮೊದಲ ಮೂರನ್ನು ಹಲ್ಲು ಕಚ್ಚಿ ಮಾಡಿದೆ. ಬಸವೇಶ್ವರನಗರದ ನಮ್ಮ ಮನೆಯ ತಾರಸಿಯಲ್ಲಿ ಬೆಳಿಗ್ಗೆ ಏಳಕ್ಕೇ ಶಾಲು ಹೊದ್ದು ನಿಂತರೆ, ಹುಷಾರಿಲ್ಲವೇ ಎಂದು ಪಕ್ಕದ ಮನೆಯ ಆಂಟಿ ವಿಚಾರಿಸುವರು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಅದಕ್ಕಿಂತ ನೋವಾಗಿದ್ದು ಅಮ್ಮನ ಮಾತು.

"ಡಾಕ್ಟ್ರು ಹೇಳ್ಬಿಟ್ರೆ ಸೋಂಬೇರಿತನ ಕಾಯಿಲೆ ಆಗ್ಬಿಡತ್ತಾ?"

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂತು. ಒಂದು ದಿನ ಊಟವಾದ ಮೇಲೆ ಅಮ್ಮ ನೆನೆಸಿದ ಕಾಳಿನ ಪಾತ್ರೆಯನ್ನು ನನ್ನ ಮುಂದಿಟ್ಟು, ಫೋನಿಲ್ಲದ ಕೈ ಸುಮ್ಮನೆ ಯಾಕಿರಬೇಕು, ಹಿತಕು ಎಂದಳು. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಜಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಅಷ್ಟೇ ಕೆಲಸ. ಎದುರಿಗೆ ಅಮ್ಮನೂ ಕೂತು ಹಿತಕುವಳು.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ, ಹತ್ತು ಗಂಟೆಯೂ ಆಗಿರಲಿಲ್ಲ, ನನ್ನೊಳಗಿನ ಸಂತೆಯವರು ಒಬ್ಬೊಬ್ಬರೇ ಗಂಟು ಕಟ್ಟಿಕೊಂಡು ಹೊರಟರು. ಅವರೆಯ ಸೊಗಡು ಕೋಣೆಯನ್ನೆಲ್ಲ ತುಂಬಿತು. ಬಟ್ಟಲಿನ ಬೇಳೆಗಳು ತೆಳು ಹಸಿರಾಗಿ ಮೇಲೆದ್ದು ತೇಲಿದವು. ಅಮ್ಮನ ಬಳೆಯ ಸದ್ದು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ನಾನು ಗೋಡೆಗೆ ಒರಗಿದ್ದೆ.

ರೂಮಿಗೆ ಹೋಗಿ ಮಲಗಮ್ಮ ಎಂದು ಅಪ್ಪ ಬಂದು ಭುಜ ಮುಟ್ಟಿದರು.

"ಎಬ್ಬಿಸ್ಬೇಡಿ," ಎಂದಳು ಅಮ್ಮ. ದನಿ ತಗ್ಗಿಸಿ, "ಪಾಪ, ಇಷ್ಟು ವರ್ಷ ನೆಟ್ಟಗೆ ಮಲಗೇ ಇಲ್ಲ ಅವಳು," ಎಂದಳು.

ನನ್ನ ಒದ್ದೆ ಬೆರಳುಗಳನ್ನು ಸೆರಗಿನಿಂದ ಒಂದೊಂದಾಗಿ ಒರೆಸಿದಳು. ಕಣ್ಣು ತೆರೆದು ಅವಳ ಮುಖ ನೋಡಬೇಕೆನಿಸಿತು. ಆ ಮಾತನ್ನು ಇನ್ನೊಂದು ಸಲ ಹೇಳಿಸಬೇಕೆನಿಸಿತು. ಇನ್ನೊಂದೇ ಗಳಿಗೆ ಎಚ್ಚರವಾಗಿರಬೇಕೆಂದು ಜೀವಮಾನದಲ್ಲಿ ಮೊದಲ ಸಲ ಆಸೆಪಟ್ಟೆ.

ಆಗಲಿಲ್ಲ.