ಕಂಪ್ಯೂಟರ್ ಎತ್ತಿದ ಹೂವು

ಕೆಲಸಕ್ಕೆ ಸೇರಿದ ಹೊಸದರಲ್ಲಿ, ರೋಗದ ವಿರುದ್ಧ ಹೋರಾಡುವ ರಕ್ತಕಣಗಳನ್ನು ದಾನ ಮಾಡುವುದೆಂದರೆ ಎರಡು ಮಂಚ ಜೋಡಿಸುವುದು ಎಂದು ನಾನು ತಿಳಿದಿದ್ದೆ. ಒಂದರ ಮೇಲೆ ಕೊಡುವವರು, ಇನ್ನೊಂದರ ಮೇಲೆ ತಗೊಳ್ಳುವವರು, ನಡುವೆ ಒಂದು ಟ್ಯೂಬು. ತೋಟದಲ್ಲಿ ಮೇಲಿನ ತೊಟ್ಟಿಯಿಂದ ಕೆಳಗಿನ ತೊಟ್ಟಿಗೆ ನೀರು ಬಿಡುತ್ತಾರಲ್ಲ, ಹಾಗೆ. ತಿಳಿದುಕೊಂಡು ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಓಡೈಪಟ್ಟಿಯ ಪೇಚ್ಚಿಯಮ್ಮಾಳ್ ಅತ್ತೆಗೆ ಅದನ್ನೇ ಗಂಭೀರವಾಗಿ ವಿವರಿಸಿದೆ. "ತಲೆಗೆ ಸ್ನಾನ ಮಾಡ್ಕೊಂಡು ಬನ್ನಿ ಅತ್ತೆ, ಎರಡು ದಿನದ ಬಟ್ಟೆ ತನ್ನಿ, ನಿವೇತಾ ಪಕ್ಕದಲ್ಲೇ ಮಲಗ್ಬೇಕಾಗುತ್ತೆ."

ಆಕೆ ಬಟ್ಟೆಚೀಲ, ಚಾಪೆ, ಹಿಡಿಕೆಯ ತೂಕುಪಾತ್ರೆಯಲ್ಲಿ ರಸಂ ಅನ್ನ ಹಿಡಿದು ದಿಂಡಿಗಲ್ಲಿನ ಆಸ್ಪತ್ರೆಯ ಮುಂದೆ ಇಳಿದರು. ನರ್ಸ್ ಮೊದಲು ಚಾಪೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಏನ್ ಮಾಪ್ಳೆ, ಮಂಚ ಎಲ್ಲಿ? ನಮ್ಮ ಪಾಪ್ಪಾ ಎಲ್ಲಿ?" ಎಂದರು ಅತ್ತೆ. ಅಳಿಯನ ವರಸೆಯವರೆಲ್ಲ ಅವರ ಬಾಯಲ್ಲಿ ಮಾಪ್ಳೆ.

ಪಾಪ್ಪಾ, ಅಂದರೆ ರೋಗಿ ನಿವೇತಾ, ಮೂರನೆಯ ಮಹಡಿಯಲ್ಲಿದ್ದಳು. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ.

ನಾನು ಬಾಲಮುರುಗನ್. ಹೊಸ ಚಿಕಿತ್ಸೆಗಳ ಪರೀಕ್ಷೆಗೆ ಜನರನ್ನೂ ಕಾಗದವನ್ನೂ ಹೊಂದಿಸಿಕೊಡುವ ಒಂದು ಏಜೆನ್ಸಿಯಲ್ಲಿ ಸಂಬಳದ ಆಳು. ಓದಿದ್ದು ಬಿ.ಕಾಂ. ಕೆಲಸ ಸಿಕ್ಕಿದ್ದು ಮನೆಯಲ್ಲಿ ಕನ್ನಡ ಆಡುತ್ತೇನೆಂದು. ಆ ಕನ್ನಡವೂ ಅರ್ಧ. ಅಜ್ಜಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ತಿರುಗಿ ಬೈಯಲು ತಮಿಳು ಬೇಕು. ತಮಿಳುನಾಡಿನ ಈ ಕಂಬಂ ಕಣಿವೆಯ ಕನ್ನಡ ಮನೆಮಾತಿನ ನಮ್ಮ ಜನ ನೂರಾರು ವರ್ಷದಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದವರು. ಹಾಗಾಗಿ ಒಬ್ಬರ ಕಣ ಇನ್ನೊಬ್ಬರ ಮೈಗೆ ಹೊಂದುವುದು ಸುಲಭ. ಏಜೆನ್ಸಿಗೆ ನಮ್ಮ ಮೇಲೆ ಬಂದ ಪ್ರೀತಿ ಅಷ್ಟೇ.

ಅತ್ತೆ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಹೆಂಗಸರ ತಂಡದ ಮುಖ್ಯಸ್ಥೆ. ವಯಸ್ಸು ನಲವತ್ತೆಂಟು. ಚಪ್ಪರದ ಕೆಳಗೆ ನಿಂತು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎರಡೂ ಕೈ ತಲೆಯ ಮೇಲೆ. ಒಮ್ಮೆ ಒಬ್ಬ ವ್ಯಾಪಾರಿ ಬಂದು, ಈ ಹೆಂಗಸರು ಕೈ ಬೀಸಿ ಕೆಲಸ ಮಾಡುವುದಿಲ್ಲ ಅಂದನಂತೆ. ಅತ್ತೆ ಅವನ ಕೈಗೆ ಕತ್ತರಿ ಕೊಟ್ಟು, "ನಾನು ಟೀ ಕುಡಿದು ಮುಗಿಸೋವರೆಗೆ ಕೈ ಎತ್ಕೊಂಡು ನಿಲ್ಲು ಸಾಮಿ, ಸಾಕು" ಎಂದರು. ಟೀ ತಣ್ಣಗಾಗುವವರೆಗೆ ಕುಡಿಯಲೇ ಇಲ್ಲ. ಆ ವ್ಯಾಪಾರಿ ಈಗಲೂ ಈ ತೋಟಕ್ಕೆ ಬಂದರೆ ಕೈಕಟ್ಟಿಕೊಂಡೇ ಮಾತಾಡುತ್ತಾನೆ.

ಅತ್ತೆಯ ತಮ್ಮ ರಾಮರ್ ಮಾಮನ ಮಗಳು ನಿವೇತಾ. ಹತ್ತೊಂಬತ್ತು ವರ್ಷ. ರಕ್ತದ ಕ್ಯಾನ್ಸರಿಗೆ ಹೋದ ವರ್ಷ ಅಸ್ಥಿಮಜ್ಜೆ ಬದಲಿಸಿದ್ದರು. ಹೊಸ ಮಜ್ಜೆ ಇನ್ನೂ ಬಲಿತಿರಲಿಲ್ಲ. ಊರಿಗೆಲ್ಲ ಒಂದು ವಾರ ನೆಗಡಿಯಾಗಿ ಬಂದು ಹೋದ ವೈರಸ್ ಅವಳ ಎದೆಯಲ್ಲಿ ಆರು ವಾರವಾದರೂ ಬಿಡದೆ ಕೂತಿತ್ತು. ಅದೇ ನೆಗಡಿ ಬಂದ ಅತ್ತೆ ನಾಲ್ಕನೆಯ ದಿನ ಚಪ್ಪರದ ಕೆಳಗಿದ್ದರು. ಅವರ ಮೈಯಲ್ಲಿ ಆ ವೈರಸ್ಸನ್ನು ಗುರುತು ಹಿಡಿದು ಕೊಲ್ಲಲು ಕಲಿತ ಬಿಳಿ ಕಣಗಳಿವೆ. ಅವನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ರೋಗಿಗೆ ಕೊಟ್ಟರೆ ಗುಣವಾದೀತೇ? ಪರೀಕ್ಷೆ ಅದೇ.

ಮಂಚ ಸಿಗದಿದ್ದರೂ ಅತ್ತೆ ಕುರ್ಚಿಯಲ್ಲಿ ಕೂತರು. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗಿ, ಬೇಕಾದ ಕಣವನ್ನು ಅಲ್ಲೇ ಬಿಟ್ಟು, ಇನ್ನೊಂದು ಕೈಗೆ ಮರಳುತ್ತಿತ್ತು. ನಾಲ್ಕು ಗಂಟೆ. "ಹೆರಿಗೆ ದಿನವೂ ನನ್ ಕೈ ಇಷ್ಟು ಹೊತ್ತು ಸುಮ್ನಿರ್ಲಿಲ್ಲ ಕಣೋ. ಪಾಪ್ಪಾಗೇ ತಾನೇ ಹೋಗೋದು?"

"ಪಾಪ್ಪಾಗೇ ಅತ್ತೆ."

ಅಂದು ಸಂಜೆ ಸಂಯೋಜಕ ರಾಜ್‌ಕುಮಾರ್ ಸಾರ್ ನನಗೆ ತಿಳಿಸಿ ಹೇಳಿದರು. ಕಣಗಳು ಶೀತಲ ಪೆಟ್ಟಿಗೆಗೆ ಹೋಗುತ್ತವೆ. ಪರೀಕ್ಷೆಗೆ ಸೇರಿದ ರೋಗಿಗಳಲ್ಲಿ ಅರ್ಧ ಜನಕ್ಕೆ ಕಣ, ಅರ್ಧ ಜನಕ್ಕೆ ಮಾಮೂಲು ಔಷಧಿ ಮಾತ್ರ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ.

"ಅತ್ತೆಗೆ ಹೇಳಲಾ ಸಾರ್?"

"ಅವರು ದಾನಿ. ಅವರಿಗ್ಯಾಕೆ ಅದೆಲ್ಲ?"

ಒಪ್ಪಿಗೆ ಪತ್ರ ಹದಿನಾಲ್ಕು ಪುಟದ್ದು. ಅದರಲ್ಲಿ ಎಲ್ಲವೂ ಇತ್ತು. ನಾನು ಅತ್ತೆಗೆ ಓದಿ ಹೇಳಿದ್ದು ಎರಡು ಪುಟ. ಆ ತಿಂಗಳು ನನ್ನ ಕೆಲಸ ಖಾಯಂ ಆಗಬೇಕಿತ್ತು. ಸಂಜೆಯವರೆಗೆ ನಾನು ಹೇಳಿದ್ದು ಅಜ್ಞಾನ. ಸಂಜೆಯ ಮೇಲೆ ಅದು ಸುಳ್ಳು.

ರಾಮರ್ ಮಾಮನಿಗೆ ಮಾತ್ರ ಚೀಟಿಯ ವಿಷಯ ಹೇಳಲೇಬೇಕಿತ್ತು. ಮಗಳ ಜೊತೆಗೆ ಅವರ ಸಹಿಯೂ ಬೇಕು. ಹೇಗೆ ಹೇಳುವುದೆಂದು ತಲೆ ಕೆರೆದುಕೊಂಡು ಕೊನೆಗೆ ಅಂದೆ: "ಹೂ ಕೇಳ್ತೀವಲ್ಲ ಮಾಮಾ, ಹಾಗೆ."

ನಮ್ಮಲ್ಲಿ ಹೆಣ್ಣು ತರುವಾಗ, ಬಾವಿ ತೋಡುವಾಗ ದೇವರನ್ನು ಹೂ ಕೇಳುತ್ತಾರೆ. ಬಿಳಿ ಹೂ ಒಂದು ಎಲೆಯಲ್ಲಿ, ಕೆಂಪು ಹೂ ಒಂದು ಎಲೆಯಲ್ಲಿ ಮಡಿಸಿಟ್ಟು, ಸ್ನಾನ ಮಾಡಿದವರೊಬ್ಬರ ಕೈಯಲ್ಲಿ ಎತ್ತಿಸುತ್ತಾರೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ಮಾಮನ ಮುಖ ತಿಳಿಯಾಯಿತು. ಸಹಿ ಹಾಕಿದರು. ರಾಜ್‌ಕುಮಾರ್ ಸಾರ್ ನನ್ನ ಬೆನ್ನು ತಟ್ಟಿ, ಈ ಉಪಾಯವನ್ನು ಉಳಿದ ಹುಡುಗರಿಗೂ ಹೇಳಿಕೊಡು ಅಂದರು. ನಾನು ಎರಡು ದಿನ ಮೇಷ್ಟ್ರ ಹಾಗೆ ಓಡಾಡಿದೆ.

ಹದಿನಾರು ದಿನಕ್ಕೆ ಕಣ ಬೆಳೆದವು. ಮರುದಿನ ಬೆಳಗ್ಗೆ ಅಕ್ಕ ತಮ್ಮ ಇಬ್ಬರೂ ಒದ್ದೆ ತಲೆಯಲ್ಲಿ ಆಸ್ಪತ್ರೆಗೆ ಬಂದರು. ಹೂ ಕೇಳುವ ಮಾತು ಮಾಮನಿಂದ ಅತ್ತೆಗೂ ಮುಟ್ಟಿತ್ತು; ಅವರ ಕೈಯಲ್ಲಿ ಎರಡು ಬಾಳೆಲೆ ಪೊಟ್ಟಣ. ಮುಟ್ಟಿದರೆ ಗುರುತು ಸಿಗಬಾರದೆಂದು ಎರಡರಲ್ಲೂ ಕಣಗಿಲೆಯನ್ನೇ ಇಟ್ಟಿದ್ದರು, ಒಂದರಲ್ಲಿ ಬಿಳಿ, ಒಂದರಲ್ಲಿ ಕೆಂಪು. ಊಟ ತಿಂಡಿ ಇಲ್ಲದೆ ಎರಡು ಬಸ್ಸು ಹತ್ತಿ ಬಂದಿದ್ದರು.

"ಚೀಟಿ ನಿನ್ನೆಯೇ ಆಯ್ತಮ್ಮಾ," ಅಂದರು ರಾಜ್‌ಕುಮಾರ್ ಸಾರ್. "ನಿವೇತಾಗೆ ಮಾಮೂಲು ಔಷಧಿ."

"ಯಾರು ಎತ್ತಿದ್ದು?"

"ಕಂಪ್ಯೂಟರ್."

"ಅದು ತಲೆಗೆ ಸ್ನಾನ ಮಾಡಿತ್ತಾ?"

ನರ್ಸ್ ನಕ್ಕಳು. ಅತ್ತೆ ನಗಲಿಲ್ಲ. "ಕೆಂಪು ಬಂದ್ರೆ ಮೂರು ಸಲ ಕೇಳ್ಬೇಕು. ಇನ್ನೆರಡು ಸಲ ಕೇಳ್ಸಿ."

"ಪರೀಕ್ಷೆ ಹಾಗೆ ನಡೆಯಲ್ಲಮ್ಮಾ. ಕಣ ಕೆಲಸ ಮಾಡುತ್ತೋ ಇಲ್ವೋ ನಮಗೇ ಗೊತ್ತಿಲ್ಲ. ಗೊತ್ತಾಗಬೇಕಂದ್ರೆ ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು."

"ಸೆರಿ. ಆ ಔಷಧೀಲಿ ಪಾಪ್ಪಾ ಏಳ್ಲಿಲ್ಲ ಅಂದ್ರೆ?"

ಸಾರ್ ಪುಟ ತಿರುವಿದರು. ರೋಗ ಬಿಗಡಾಯಿಸಿದರೆ ಪರೀಕ್ಷೆಯ ಹೊರಗೆ ಕಣ ಕೊಡಬಹುದು; ಅದಕ್ಕೆ ರೋಗಿಗೂ ದಾನಿಗೂ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿಯ ನಾಲ್ಕು ಸಹಿ ಬೇಕು.

ಅತ್ತೆ ನನ್ನ ಕಡೆ ತಿರುಗಿದರು. "ಪಾಪ್ಪಾಗೇ ಅಂದ್ಯಲ್ಲ ಮಾಪ್ಳೆ?"

ನಾನು ನನ್ನ ಶೂ ನೋಡಿಕೊಂಡೆ.

"ಶೂ ಚೆನ್ನಾಗದೆ. ಕಂಪನಿ ಕೊಟ್ಟಿದ್ದಾ?"

ಮೂರು ದಿನಕ್ಕೆ ನಿವೇತಾಳ ಮೂಗಿಗಿದ್ದ ಆಮ್ಲಜನಕದ ಕೊಳವೆ ಹೋಗಿ ಮುಖವಾಡ ಬಂತು. ಅಂದೇ ಅರ್ಜಿ ಕೊಟ್ಟೆವು. ಎರಡು ಸಹಿ ಅಂದೇ ಆದವು. ಮೂರನೆಯವರು ಮದುವೆಗೆ ಹೋಗಿದ್ದರು. ನಾಲ್ಕನೆಯವರು ಪ್ರವಾಸದಲ್ಲಿದ್ದರು, ಮತ್ತು ಕಾಗದ ಕಣ್ಣಿಂದ ನೋಡದೆ ಸಹಿ ಹಾಕುವವರಲ್ಲವಂತೆ. ಅತ್ತೆ ದಿನವೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಮುಖವಾಡ ಹೋಗಿ ಉಸಿರಾಟದ ಯಂತ್ರ ಬಂತು.

ಆ ದಿನಗಳಲ್ಲೇ ಅತ್ತೆಯ ಕಣದ ಒಂದು ಸೀಸೆ ಆಂಡಿಪಟ್ಟಿಯ ಮೂಕಯ್ಯ ಎಂಬವರಿಗೆ ಹೋಯಿತು. ಅವರಿಗೂ ಅದೇ ವೈರಸ್. ಅವರಿಗೆ ಕಂಪ್ಯೂಟರ್ ಬಿಳಿ ಎತ್ತಿತ್ತು. ಒಂಬತ್ತನೆಯ ದಿನ ಅವರು ತಮ್ಮ ಕಾಲ ಮೇಲೆ ನಡೆದು ಬಂದು ಅತ್ತೆಯ ಬೆಂಚಿನಲ್ಲಿ ಆಟೋಗೆ ಕಾಯುತ್ತ ಕೂತರು. ಅತ್ತೆ ಅವರಿಗೆ ನೀರು ಕೊಟ್ಟು, "ನೋಡ್ಕೊಂಡು ಹೋಗಣ್ಣಾ" ಅಂದರು. ಇಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾರ ಕಣ ಯಾರಿಗೆ ಎಂಬ ಗುಟ್ಟು ಬಿಡಬಾರದೆಂಬ ನಿಯಮವನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ಪಾಲಿಸಿದೆ.

ಚೀಟಿಯ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದ್ದನ್ನು ತಿಳಿಯಲು ಅದಕ್ಕಿಂತ ನೇರವಾದ ದಾರಿ ಇಲ್ಲ, ಅದು ಈಗ ನನಗೂ ಅರ್ಥವಾಗಿದೆ. ಆದರೆ ಕಣ್ಣಿಗೆ ಕಾಣದ ಕಣವನ್ನು ಹದಿನಾರು ದಿನದಲ್ಲಿ ಕೋಟಿಗಟ್ಟಲೆ ಬೆಳೆಸಬಲ್ಲ ಜನಕ್ಕೆ ನಾಲ್ಕು ಸಹಿ ಬೆಳೆಸಲು ಹನ್ನೆರಡು ದಿನ ಬೇಕಾಯಿತಲ್ಲ! ಹದಿಮೂರನೆಯ ದಿನ ಕಾಗದ ಬಂತು. ಅಷ್ಟರಲ್ಲಿ ವೈರಸ್ ತಾನಾಗಿ ಹೋಗಿತ್ತು. ಹೋಗುವಾಗ ಅರ್ಧ ಶ್ವಾಸಕೋಶವನ್ನು ಗಾಯ ಮಾಡಿ ಹೋಗಿತ್ತು. ಗಾಯವಾದ ಜಾಗದಲ್ಲಿ ಕಣಕ್ಕೆ ಕೆಲಸವಿಲ್ಲ ಎಂದರು ಡಾಕ್ಟರು. ನಿವೇತಾ ಮನೆಗೆ ಬಂದಿದ್ದಾಳೆ. ಆಮ್ಲಜನಕದ ಯಂತ್ರ ಜೊತೆಗಿದೆ. ಮಂಚದಿಂದ ಬಾಗಿಲಿಗೆ ನಡೆದರೆ ಎರಡು ಸಲ ನಿಲ್ಲುತ್ತಾಳೆ.

ಅತ್ತೆ ಸಮಿತಿಗೆ ದೂರು ಕೊಟ್ಟರು. ನನ್ನ ಕೈಯಲ್ಲೇ ಬರೆಸಿದರು. "ನಿನ್ ಅಕ್ಷರ ಚೆನ್ನಾಗದೆ. ಬರಿ. ಬಾಲಮುರುಗನ್ ಸುಳ್ಳು ಹೇಳ್ದ. ರಾಜ್‌ಕುಮಾರ್ ಬಾಯಿ ಮುಚ್ಕೊಂಡಿದ್ದ. ಸಹಿ ಹಾಕೋರು ಊರು ಸುತ್ತಿದ್ರು. ಬರ್ದ್ಯಾ? ನಿನ್ ಹೆಸರು ಸ್ವಲ್ಪ ದೊಡ್ಡದಾಗಿ ಬರಿ."

ವಿಚಾರಣೆಗೆ ಸಮಿತಿಯಿಂದ ಇಂದ್ರಾಣಿ ಎಂಬ ವಕೀಲೆ ತೋಟಕ್ಕೇ ಬಂದರು. ರಾಜ್‌ಕುಮಾರ್ ಸಾರೂ ಬಂದಿದ್ದರು. ಬರುವ ಮೊದಲು ನನಗೆ ಫೋನ್ ಮಾಡಿ, "ನಿಜ ಗೊತ್ತಿದ್ದರೂ ಕೊಡ್ತಿದ್ದೆ ಅಂತ ಅತ್ತೆ ಬಾಯಲ್ಲಿ ಒಂದು ಮಾತು ಹೇಳಿಸು. ಫೈಲು ಮುಚ್ಚುತ್ತೆ, ನಿನ್ನ ಕೆಲಸವೂ ಉಳಿಯುತ್ತೆ" ಅಂದಿದ್ದರು. ನಾನು ಹೇಳಿಸಲಿಲ್ಲ. ಧೈರ್ಯದಿಂದಲ್ಲ. ಅತ್ತೆಯ ಕೈಯಲ್ಲಿ ಕತ್ತರಿ ಇತ್ತು.

ವಕೀಲೆ ಎಲ್ಲ ಕೇಳಿ ಬರೆದುಕೊಂಡರು. ಕೊನೆಗೆ ಪೆನ್ನು ಕೆಳಗಿಟ್ಟು ಮೆತ್ತಗೆ ಅಂದರು: "ಹೆಸರು ಹೇಳೋ ಹಾಗಿಲ್ಲಮ್ಮಾ. ನಿಮ್ಮ ಕಣ ತಗೊಂಡ ಒಬ್ಬರು ಗುಣವಾಗಿ ಮನೆಗೆ ಹೋಗಿದ್ದಾರೆ. ಕಣದಿಂದಲೇ ಅಂತ ಇನ್ನೂ ಹೇಳೋಕಾಗಲ್ಲ, ಇರಬಹುದು. ಈಗ ಹೇಳಿ. ನಿವೇತಾಗೆ ಸಿಗದೇ ಇರಬಹುದು, ಗೊತ್ತಿಲ್ಲದ ಯಾರಿಗೋ ಹೋಗಬಹುದು ಅಂತ ಈ ಹುಡುಗ ಅವತ್ತೇ ನಿಜ ಹೇಳಿದ್ದರೆ, ನೀವು ಕೊಡ್ತಿದ್ರಾ?"

ಚಪ್ಪರದ ಕೆಳಗೆ ಕತ್ತರಿಗಳ ಸದ್ದು ನಿಂತಿತು. ತಂಡದ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ರಾಜ್‌ಕುಮಾರ್ ಸಾರ್ ಆಗಲೇ ಹೌದೆಂಬಂತೆ ಅರ್ಧ ತಲೆಯಾಡಿಸಿದ್ದರು.

"ಕೊಡ್ತಿರ್ಲಿಲ್ಲ," ಅಂದರು ಅತ್ತೆ. "ಬರ್ಕೋ ತಾಯಿ."